ಈಗಲ್‌ನ ಚಾವಣಿ

ಬಾರ್ ಕಂಡರೆ ರಸ್ತೆಯ ಆಚೆ ಬದಿಗೆ ಸರಿದು ನಡೆಯುತ್ತ ಬೆಳೆದವಳು ನಾನು. ಕೇಂಬ್ರಿಡ್ಜ್‌ನಲ್ಲಿ ಮಳೆ ಹಿಡಿದ ಸಂಜೆ, ಬೆನೆಟ್ ಸ್ಟ್ರೀಟಿನ ‘ದಿ ಈಗಲ್’ ಪಬ್ಬಿನ ಬಾಗಿಲಲ್ಲಿ ಹಿಂಜರಿದು ನಿಂತೆ. ಅಂದು ಬೆಳಿಗ್ಗೆ ವೀರಗಲ್ಲುಗಳ ಬಗ್ಗೆ ಪ್ರಬಂಧ ಓದಿದ್ದೆ. ಒಬ್ಬರೂ ಒಂದು ಪ್ರಶ್ನೆ ಕೇಳಿರಲಿಲ್ಲ.

ಟೀ ಸಿಗುತ್ತದಾ ಎಂದು ಸಂಕೋಚದಿಂದಲೇ ಕೇಳಿದೆ. ಕೌಂಟರಿನಾಕೆ ನಗಲಿಲ್ಲ. ಟೀ ಕೊಟ್ಟು, “ಹಿಂದಿನ ಕೋಣೆ ಬೆಚ್ಚಗಿದೆ. ತಲೆ ಎತ್ತಿ ನೋಡಿ” ಎಂದರು.

1953ರಲ್ಲಿ ಕ್ರಿಕ್ ಡಿಎನ್‌ಎ ಗುಟ್ಟು ಸಿಕ್ಕಿತೆಂದು ಸಾರಿದ್ದು ಈ ಪಬ್ಬಿನಲ್ಲೇ ಎಂಬ ಕಥೆ ಗೊತ್ತಿತ್ತು. ಚಾವಣಿಯ ವಿಷಯ ಗೊತ್ತಿರಲಿಲ್ಲ. ಎರಡನೇ ಮಹಾಯುದ್ಧದ ವಿಮಾನದಳದ ಹುಡುಗರು ಮೇಣದಬತ್ತಿ, ಲೈಟರುಗಳಿಂದ ಸುಟ್ಟು ತಮ್ಮ ಹೆಸರು, ಸ್ಕ್ವಾಡ್ರನ್ ಸಂಖ್ಯೆಗಳನ್ನು ಅಲ್ಲಿ ಬರೆದಿದ್ದಾರೆ.

ಪಕ್ಕದ ಮೇಜಿನ ಅಜ್ಜ ಕೇಳಿದರು: “ನೀವು ಏನು ಓದುತ್ತಿದ್ದೀರಿ?”

ಅರ್ಧ ಗಂಟೆ ಮಾತಾಡಿದೆ. ದನಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವನು, ಅವನನ್ನು ಸ್ವರ್ಗಕ್ಕೆ ಒಯ್ಯುವ ಅಪ್ಸರೆಯರು, ಊರ ಹೊರಗೆ ನಿಂತ ಕಲ್ಲು. ಹೇಳುತ್ತಿರುವಾಗಲೇ ಹೊಳೆಯಿತು: ವೀರಗಲ್ಲನ್ನು ಸತ್ತ ಮೇಲೆ ಉಳಿದವರು ನಿಲ್ಲಿಸುತ್ತಾರೆ. ಈ ಹುಡುಗರು ಕಾಯಲಿಲ್ಲ.

ರಾತ್ರಿ ಅಮ್ಮ ಫೋನಿನಲ್ಲಿ, “ಎಲ್ಲಿದ್ದೆ ಇಷ್ಟೊತ್ತು?” ಎಂದಳು.

“ಬಾರಿನಲ್ಲಿ,” ಎಂದೆ.