ಕೋಳಿ ಕೂಗಿದ ಗುಡ್ಡದಲ್ಲಿ ಒಂದು ಶುಕ್ರವಾರ

ಜೆರುಸಲೆಮ್‌ಗೆ ಹೋಗ್ತಿದ್ದೀನಿ ಅಂದಾಗ ಅಮ್ಮ ಫೋನಿನಲ್ಲಿ ಕೊಟ್ಟ ಲಿಸ್ಟ್ ತುಂಬಾ ಚಿಕ್ಕದು: ಆಲಿವ್ ಮರದ ಒಂದು ಜಪಸರ, ಯೇಸುವಿನ ಸಮಾಧಿಯ ಹತ್ತಿರ ಹಚ್ಚಲು ಒಂದು ಮೇಣದಬತ್ತಿ. ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಆಸೆ ಇರೋದಿಲ್ಲ.

ಅದು 2019ರ ನವೆಂಬರ್. ಆಫೀಸ್ ಕೆಲಸಕ್ಕೆಂದು ಮೂರು ವಾರ ಟೆಲ್ ಅವೀವ್‌ನಲ್ಲಿದ್ದೆ. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಗ್ಗೆ ಬಸ್ ಹತ್ತಿದೆ. ಸುಮಾರು 60 ಕಿ.ಮೀ. ದಾರಿ, ಕೊನೆಗೆ ಒಳ್ಳೇ ಏರು.

ಅಮ್ಮನಿಗೆ ಗೊತ್ತಿಲ್ಲದ ಒಂದು ಸಂಗತಿಯನ್ನೂ ಹೊತ್ತುಕೊಂಡು ಹೋಗಿದ್ದೆ. ನಾಲ್ಕು ತಿಂಗಳ ಹಿಂದೆ ಬೆಂಗಳೂರಿನಲ್ಲಿ ನಮ್ಮ ಟೀಮಿನ ಒಂದು ರಿಲೀಸ್ ಕೆಟ್ಟಿತ್ತು. ಜೂನಿಯರ್ ಹುಡುಗನೊಬ್ಬ ‘ಇದನ್ನು ಇನ್ನೊಂದು ಸಲ ಟೆಸ್ಟ್ ಮಾಡೋಣ್ವಾ’ ಅಂತ ಮೊದಲೇ ಕೇಳಿದ್ದ. ‘ಬೇಡ, ಹೋಗ್ಲಿ ಬಿಡು’ ಅಂದವನು ನಾನು. ಮರುದಿನ ಕಾಲ್‌ನಲ್ಲಿ ಹತ್ತು ಜನರ ಎದುರು, ಈ ವಿಷಯ ನಿಮಗೆ ಗೊತ್ತಿತ್ತಾ ಅಂತ ಕೇಳಿದರು. ‘ನನ್ನ ಗಮನಕ್ಕೆ ಬಂದಿರಲಿಲ್ಲ’ ಅಂದುಬಿಟ್ಟೆ. ಹುಡುಗ ಮ್ಯೂಟ್‌ನಲ್ಲಿದ್ದ, ಮ್ಯೂಟ್‌ನಲ್ಲೇ ಉಳಿದ. ಎರಡು ತಿಂಗಳಲ್ಲಿ ಕೆಲಸ ಬಿಟ್ಟ. ಆಮೇಲೆ ಚರ್ಚಿನಲ್ಲಿ ಪಾಪನಿವೇದನೆ ಮಾಡಿದೆ, ಗುರುಗಳು ಹೇಳಿದ ಪ್ರಾರ್ಥನೆಗಳನ್ನೂ ಮುಗಿಸಿದೆ. ಆದರೂ ಆ ಮ್ಯೂಟ್ ಐಕಾನ್ ಕಣ್ಣಿಂದ ಹೋಗಿರಲಿಲ್ಲ.

ಸಮಾಧಿಯ ಚರ್ಚಿನಲ್ಲಿ ಮೇಣದಬತ್ತಿ ಹಚ್ಚಿ, ಹಳೇ ಪೇಟೆಯ ಝಯಾನ್ ಗೇಟ್ ದಾಟಿ ಹೊರಬಂದೆ. ಗುಡ್ಡದ ಪೂರ್ವದ ಇಳಿಜಾರಿನಲ್ಲಿ ಒಂದು ಚರ್ಚಿದೆ: ಸೇಂಟ್ ಪೀಟರ್ ಇನ್ ಗಲ್ಲಿಕಾಂತು. ಗಲ್ಲಿಕಾಂತು ಅಂದರೆ ಲ್ಯಾಟಿನ್‌ನಲ್ಲಿ ಕೋಳಿಯ ಕೂಗು. ಈಗಿನ ಕಟ್ಟಡ 1931ರದ್ದು. ಚಾವಣಿಯ ಮೇಲೆ ಶಿಲುಬೆ, ಅದರ ಮೇಲೊಂದು ಬಂಗಾರದ ಬಣ್ಣದ ಹುಂಜ. ಮಹಾಯಾಜಕ ಕಾಯಫನ ಮನೆ ಇಲ್ಲೇ ಇತ್ತು, ಯೇಸುವನ್ನು ಆ ರಾತ್ರಿ ಇಟ್ಟದ್ದು ಕೆಳಗಿನ ಬಂಡೆಯ ಹೊಂಡದಲ್ಲಿ ಅನ್ನೋದು ಇಲ್ಲಿಯ ನಂಬಿಕೆ.

ಕತೆ ನಿಮಗೆ ಗೊತ್ತಿರಬಹುದು. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಚಳಿ ಇತ್ತು. ಅಂಗಳದಲ್ಲಿ ಇದ್ದಲಿನ ಬೆಂಕಿ. ಶಿಷ್ಯ ಪೇತ್ರ ಮೈ ಕಾಯಿಸುತ್ತಾ ನಿಂತಿದ್ದಾಗ ಒಬ್ಬ ಕೆಲಸದ ಹುಡುಗಿ, ನೀನೂ ಅವನ ಜೊತೆಯವನಲ್ವಾ ಅಂತ ಕೇಳುತ್ತಾಳೆ. ಆ ಮನುಷ್ಯನ ಪರಿಚಯವೇ ತನಗಿಲ್ಲ ಅಂತಾನೆ ಪೇತ್ರ. ಬೆಳಗಾಗೋದರೊಳಗೆ ಮೂರು ಸಲ ಹಾಗೇ ಅಂದ. ಕೋಳಿ ಕೂಗಿತು. ಲೂಕನ ಪುಸ್ತಕದಲ್ಲಿ ಒಂದು ವಿವರ ಹೆಚ್ಚಿಗೆ ಇದೆ: ಆ ಕ್ಷಣ ಯೇಸು ತಿರುಗಿ ಪೇತ್ರನನ್ನು ನೋಡಿದ. ಪೇತ್ರ ಹೊರಗೆ ಹೋಗಿ ಬಿಕ್ಕಿಬಿಕ್ಕಿ ಅತ್ತ.

ಅಂಗಳದಲ್ಲಿ ಇದೇ ದೃಶ್ಯದ ಕಂಚಿನ ಶಿಲ್ಪವಿದೆ. ಪೇತ್ರ, ಹುಡುಗಿ, ಸೈನಿಕ, ಕಂಬದ ಮೇಲೆ ಹುಂಜ. ನಾನು ತುಂಬಾ ಹೊತ್ತು ನೋಡಿದ್ದು ಹುಡುಗಿಯನ್ನು. ಪೇತ್ರನ ಮೇಲೆ ಯಾರೂ ಕತ್ತಿ ಹಿರಿದಿರಲಿಲ್ಲ. ಕೇಳಿದ್ದು ಅಧಿಕಾರ ಇಲ್ಲದ ಒಬ್ಬಳು ಕೆಲಸದವಳು. ಅಷ್ಟಕ್ಕೇ ಅವನ ಧೈರ್ಯ ಹೋಯಿತು. ಬೈಬಲಿನ ಗ್ರೀಕಿನಲ್ಲಿ ಪಾಪಕ್ಕಿರುವ ‘ಹಮಾರ್ತಿಯ’ ಎಂಬ ಪದದ ಮೂಲ ಅರ್ಥ ಗುರಿ ತಪ್ಪುವುದು. ನನ್ನದೂ ಅಷ್ಟೇ ಅಂದುಕೊಂಡೆ. ಒಂದು ವಾಕ್ಯ, ಮೂರು ಸೆಕೆಂಡು.

ಚರ್ಚಿನ ಜಗಲಿಯಿಂದ ದಕ್ಷಿಣಕ್ಕೆ ನೋಡಿದರೆ ಹಿನ್ನೋಮ್ ಕಣಿವೆ. ಹೀಬ್ರೂವಿನಲ್ಲಿ ‘ಗೇ ಹಿನ್ನೋಮ್’, ಗ್ರೀಕಿನಲ್ಲಿ ‘ಗೆಹೆನ್ನ’. ನಾವು ಕೇಳಿರುವ ‘ಜಹನ್ನಮ್’ ಕೂಡ ಇದೇ ಮೂಲದ್ದು. ಅಂದರೆ ಯೇಸು ನರಕಕ್ಕೆ ಹೇಳಿದ ಹೆಸರು ಇಲ್ಲೇ ಕಣ್ಣೆದುರಿಗಿರುವ ಕಣಿವೆಯದು. ಇಲ್ಲಿ ರಾಜರೇ ತಮ್ಮ ಮಕ್ಕಳನ್ನು ಬೆಂಕಿಗೆ ಬಲಿ ಕೊಟ್ಟರು ಅಂತ ಹಳೇ ಒಡಂಬಡಿಕೆ ಹೇಳುತ್ತದೆ. ಆಹಾಜ್, ಮನಸ್ಸೆ ಅಂತ ಹೆಸರನ್ನೂ ಕೊಡುತ್ತದೆ. ಆ ಕೇಡನ್ನು ಮಾಡಿದ್ದು ಕೊಂಬಿನ ಸೈತಾನನಲ್ಲ, ಮಕ್ಕಳ ಅಪ್ಪಂದಿರು. ಅದೂ ಪೂಜೆಯ ಹೆಸರಿನಲ್ಲಿ.

ಇಳಿದು ಹೋದೆ. ನರಕ ಈಗ ಹಸಿರಾಗಿದೆ ಅಂದರೆ ನಂಬ್ತೀರಾ? ಮೇಲ್ಭಾಗದಲ್ಲಿ ಪಾರ್ಕ್. ‘ಸುಲ್ತಾನನ ಕೊಳ’ ಅನ್ನೋ ಹಳೇ ಜಲಾಶಯದಲ್ಲಿ ಈಗ ಬಯಲು ರಂಗಮಂದಿರ, ಅಲ್ಲಿ ಸಂಗೀತ ಕಾರ್ಯಕ್ರಮ ನಡೆಯುತ್ತವೆ.

ಕಣಿವೆಯ ಆಚೆ ದಡದಲ್ಲಿ, ಬಂಡೆಯ ಗೋರಿಗಳ ನಡುವೆ ಗ್ರೀಕ್ ಸನ್ಯಾಸಿನಿಯರ ಒಂದು ಮಠ ಇದೆ. ಆ ಜಾಗ ಅಕೆಲ್ದಮಾ, ರಕ್ತದ ಹೊಲ. ಯೇಸುವನ್ನು 30 ಬೆಳ್ಳಿ ನಾಣ್ಯಕ್ಕೆ ಹಿಡಿದುಕೊಟ್ಟ ಯೂದನ ಹೆಸರಿಗೆ ಅಂಟಿದ ಹೊಲ.

ಮತ್ತಾಯ ಬರೆದಿರೋದನ್ನು ನಿಧಾನವಾಗಿ ಓದಿದರೆ ಯೂದನೂ ಪಶ್ಚಾತ್ತಾಪ ಪಟ್ಟಿದ್ದ. ಹಣ ವಾಪಸ್ ತಂದ, ನಿರಪರಾಧಿಗೆ ದ್ರೋಹ ಮಾಡಿದೆ ಅಂತ ಬಾಯಿಬಿಟ್ಟು ಹೇಳಿದ. ಯಾಜಕರು, ಅದು ನಿನ್ನ ಹಣೆಬರಹ ಅನ್ನೋ ಹಾಗೆ ಕೈತೊಳೆದುಕೊಂಡರು. ಅವನು ನಾಣ್ಯಗಳನ್ನು ದೇವಾಲಯದಲ್ಲಿ ಎಸೆದು, ಹೋಗಿ ನೇಣು ಹಾಕಿಕೊಂಡ. ರಕ್ತದ ದುಡ್ಡು ಖಜಾನೆಗೆ ಸೇರಿಸೋದು ನಿಯಮಕ್ಕೆ ವಿರುದ್ಧ ಅಂತ ಯಾಜಕರು ಅದರಲ್ಲಿ ಕುಂಬಾರನ ಹೊಲ ಕೊಂಡು ಪರದೇಶಿಗಳ ಸ್ಮಶಾನ ಮಾಡಿದರು. ಲೆಕ್ಕ ಸರಿಯಾಯಿತು, ಮನುಷ್ಯ ಹೋದ.

ಒಂದೇ ರಾತ್ರಿ ಇಬ್ಬರೂ ತಪ್ಪಿದರು, ಇಬ್ಬರಿಗೂ ಪಶ್ಚಾತ್ತಾಪ ಆಯಿತು. ಒಬ್ಬನ ಹೆಸರಲ್ಲಿ ರೋಮ್‌ನಲ್ಲಿ ಮಹಾ ದೇವಾಲಯ, ಇನ್ನೊಬ್ಬನ ಹೆಸರು ಬೈಗುಳ. ವ್ಯತ್ಯಾಸ ಎಲ್ಲಿ?

ಉತ್ತರ ಸಿಕ್ಕಿದ್ದು ಮರುದಿನ. ಶನಿವಾರ ಶಬ್ಬತ್, ಬಸ್ ಇಲ್ಲ. ಅಲ್ಲಿಯ ಸಹೋದ್ಯೋಗಿಯೊಬ್ಬ ತನ್ನ ಕಾರಿನಲ್ಲಿ ಉತ್ತರದ ಗಲಿಲಾಯ ಸರೋವರಕ್ಕೆ ಕರೆದುಕೊಂಡು ಹೋದ. ಸಮುದ್ರಮಟ್ಟಕ್ಕಿಂತ 200 ಮೀಟರ್‌ಗೂ ಕೆಳಗಿರುವ ಸಿಹಿನೀರಿನ ಸರೋವರ. ದಡದ ತಬ್ಘಾದಲ್ಲಿ ಕಪ್ಪು ಕಲ್ಲಿನ ಪುಟ್ಟ ಚರ್ಚು, 1933ರದ್ದು. ಮರಣದಿಂದ ಎದ್ದ ಯೇಸು ಶಿಷ್ಯರಿಗೆ ಇಲ್ಲೇ ಮೀನು, ರೊಟ್ಟಿ ಬಡಿಸಿದ ಅಂತಾರೆ.

ಯೋಹಾನನ ಪ್ರಕಾರ ಆ ಬೆಳಗ್ಗೆ ದಡದಲ್ಲಿ ಇದ್ದದ್ದು ಇದ್ದಲಿನ ಬೆಂಕಿ. ಅದಕ್ಕಿರುವ ಗ್ರೀಕ್ ಪದ ಇಡೀ ಹೊಸ ಒಡಂಬಡಿಕೆಯಲ್ಲಿ ಬರೋದು ಎರಡೇ ಕಡೆ. ಒಂದು ಕಾಯಫನ ಅಂಗಳದಲ್ಲಿ, ಇನ್ನೊಂದು ಇಲ್ಲಿ. ದೋಣಿಯಲ್ಲಿದ್ದ ಪೇತ್ರನಿಗೆ ದಡದಲ್ಲಿ ಯಾರಿರೋದು ಅಂತ ಗೊತ್ತಾದ ತಕ್ಷಣ ನೀರಿಗೆ ಹಾರಿ ಈಜಿ ಬರುತ್ತಾನೆ. ಯಾರ ಪರಿಚಯ ಇಲ್ಲ ಅಂದಿದ್ದನೋ ಅವನ ಹತ್ತಿರಕ್ಕೇ. ಊಟ ಆದ ಮೇಲೆ ಯೇಸು, ಯಾಕೆ ಹಾಗೆ ಮಾಡಿದೆ ಅಂತ ಕೇಳೋದಿಲ್ಲ. ನನ್ನ ಮೇಲೆ ಪ್ರೀತಿ ಇದೆಯಾ ಅಂತ ಮೂರು ಸಲ ಕೇಳುತ್ತಾನೆ. ಮೂರನೇ ಸಲ ಪೇತ್ರನಿಗೆ ನೋವಾಗುತ್ತದೆ. ಪ್ರತಿ ಉತ್ತರಕ್ಕೂ ಸಿಗೋದು ಒಂದು ಕೆಲಸ: ತನ್ನ ಕುರಿಗಳನ್ನು ನೋಡಿಕೊಳ್ಳೋದು.

ಯೂದ ಹೋದದ್ದು ಲೆಕ್ಕ ಇಡುವವರ ಹತ್ತಿರ. ಪೇತ್ರ ಬಂದದ್ದು ತಾನು ನೋಯಿಸಿದವನ ಹತ್ತಿರ. ನನಗೆ ಕಂಡ ವ್ಯತ್ಯಾಸ ಇಷ್ಟೇ. ಯೂದನಿಗೂ ಇನ್ನು ಮೂರು ದಿನ ಕಾಯುವ ಶಕ್ತಿ ಇದ್ದಿದ್ದರೆ, ಈ ಬೆಂಕಿಯ ಸುತ್ತ ಅವನಿಗೂ ಒಂದು ಮೀನು ಇರುತ್ತಿತ್ತು ಅಂತ ನಾನು ನಂಬುತ್ತೇನೆ.

ದಡದ ಕಲ್ಲಿನ ಮೇಲೆ ಕೂತು ಆ ಹುಡುಗನಿಗೆ ಮೆಸೇಜ್ ಟೈಪ್ ಮಾಡಿದೆ. ಮೂರು ಸಲ ಅಳಿಸಿದೆ. ಕಾರಣಗಳನ್ನೆಲ್ಲ ತೆಗೆದ ಮೇಲೆ ಉಳಿದದ್ದು ಇಷ್ಟು: ‘ನನಗೆ ಗೊತ್ತಿತ್ತು. ನೀನು ಹೇಳಿದ್ದೆ. ನಾನು ಸುಳ್ಳು ಹೇಳಿದೆ. ಸೋಮವಾರ ಮ್ಯಾನೇಜರ್‌ಗೂ ಬರೀತೀನಿ.’

ಸೋಮವಾರ ಬರೆದೆ. ಆ ಮೇಲ್‌ಗೆ ನಾನು ತೆತ್ತದ್ದು ಆ ವರ್ಷದ ಪ್ರಮೋಷನ್. ಕಡಿಮೆ ಬೆಲೆಯೇ. ಹುಡುಗನ ಉತ್ತರ ಎರಡು ದಿನ ಬರಲಿಲ್ಲ. ಬ್ಲೂ ಟಿಕ್ ಮಾತ್ರ ಕಾಣ್ತಿತ್ತು. ಮೂರನೇ ದಿನ ಒಂದೇ ಸಾಲು: ‘ಬೆಂಗಳೂರಿಗೆ ಬಂದ್ಮೇಲೆ ಕಾಲ್ ಮಾಡಿ.’

ಮಾಡಿದೆ. ಜಯನಗರದ ಒಂದು ದರ್ಶಿನಿಯಲ್ಲಿ ಎದುರುಬದುರು ನಿಂತು ಕಾಫಿ ಕುಡಿದೆವು. ಪರವಾಗಿಲ್ಲ ಅಂತ ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೊರಡುವಾಗ ಮಾತ್ರ, ತನ್ನ ತಮ್ಮ ಕೆಲಸ ಹುಡುಕ್ತಿದ್ದಾನೆ, ರೆಸ್ಯೂಮೆ ಒಂದ್ಸಲ ನೋಡ್ತೀರಾ ಅಂತ ಕೇಳಿದ.

ಆ ರಾತ್ರಿ ಕೂತು ಅದನ್ನು ಮೂರು ಸಲ ತಿದ್ದಿದೆ.