ಮಂಜುಗಡ್ಡೆಯ ಮೇಲೊಂದು ಗೊರಬು

ಮಿನ್ನೆಸೋಟಾಕ್ಕೆ ಬಂದ ಮೊದಲ ಎರಡು ಚಳಿಗಾಲ ನಾನು ಇಲ್ಲಿನ ಕೆರೆಗಳನ್ನು ಕಾರಿನ ಕಿಟಕಿಯಿಂದಷ್ಟೇ ನೋಡಿದ್ದೆ. 10 ಎಕರೆಗಿಂತ ದೊಡ್ಡ ಕೆರೆಗಳೇ ಈ ರಾಜ್ಯದಲ್ಲಿ 11,842 ಇವೆ. ಜನವರಿ ಹೊತ್ತಿಗೆ ಎಲ್ಲವೂ ಬಿಳಿ ಮೈದಾನ. ಆ ಮೈದಾನದ ಮಧ್ಯೆ ಅಲ್ಲೊಂದು ಇಲ್ಲೊಂದು ಕೆಂಪು, ನೀಲಿ, ಕಪ್ಪು ಚುಕ್ಕೆ. ಪ್ರತಿ ಚುಕ್ಕೆಯೊಳಗೂ ಯಾರೋ ಒಬ್ಬರು ಐಸ್‌ನಲ್ಲಿ ತೂತು ಕೊರೆದು, ಗಾಳ ಬಿಟ್ಟು ಕೂತಿರುತ್ತಾರೆ. ಮೈನಸ್ 20 ಡಿಗ್ರಿಯಲ್ಲಿ ಇವರಿಗೇನು ತಲೆ ಕೆಟ್ಟಿದೆಯಾ ಅಂತ ನಾನೂ ಎಲ್ಲರ ಹಾಗೆ ನಕ್ಕಿದ್ದೆ.

ಮೂರನೇ ಚಳಿಗಾಲದಲ್ಲಿ ಆಫೀಸಿನವರು ಒಂದು ಶನಿವಾರ ಕರೆದುಕೊಂಡು ಹೋದರು. ನಾಲ್ಕು ಜನ ಕೂರುವ ದೊಡ್ಡ ಗುಡಾರ, ಒಳಗೆ ಗ್ಯಾಸ್ ಹೀಟರ್, ಬಿಯರ್, ಸ್ಪೀಕರಿನಲ್ಲಿ ಹಾಡು, ಜೊತೆಗೆ ಸೋಮವಾರದ ರಿಲೀಸ್ ಬಗ್ಗೆ ಚರ್ಚೆ. ನನಗೆ ಅದ್ಯಾವುದೂ ನೆನಪಿಲ್ಲ. ನೆನಪಿರೋದು ಆ ತೂತು ಮಾತ್ರ. ಗುಡಾರದೊಳಗೆ ಕತ್ತಲೆ. ಹೊರಗಿನ ಬೆಳಕು ಐಸ್‌ ಮೂಲಕ ನೀರಿಗಿಳಿದು ತೂತಿನಿಂದ ಹಸಿರಾಗಿ ಮೇಲೆ ಬರುತ್ತಿತ್ತು. ನೀರು ಅತಿ ಭಾರವಾಗಿರೋದು 4 ಡಿಗ್ರಿಯಲ್ಲಿ, ಹಾಗಾಗಿ ಮೇಲೆ ಎಷ್ಟೇ ಗಡ್ಡೆ ಕಟ್ಟಿದರೂ ತಳದ ನೀರು ಸುಮಾರು ಅಷ್ಟೇ ಬೆಚ್ಚಗಿರುತ್ತೆ, ಮೀನು ಬದುಕಿರುತ್ತೆ ಅಂತ ಏಳನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ್ದೆ. ಅದೇ ಪಾಠ ಕಾಲಡಿ ಹೊಳೆಯುತ್ತಾ ಇತ್ತು. ಮಾತು ನಿಲ್ಲಿಸಿ ಇದನ್ನೊಂದು ಗಂಟೆ ನೋಡಬೇಕು ಅನ್ನಿಸಿತು. ಐದು ದಿನ ಮೀಟಿಂಗಿನಲ್ಲಿ ಮಾತಾಡಿ ಆರನೇ ದಿನ ಕೆರೆ ಮೇಲೂ ಮಾತಾಡೋದು ನನ್ನಿಂದ ಆಗಲ್ಲ.

ಸರಿ, ಒಬ್ಬಳೇ ಹೋಗೋಣ. ಒಬ್ಬರಿಗೆ ಸಾಕಾಗುವ ಒಂದು ಗುಡಾರ ಕೊಳ್ಳೋಣ. ಸುಲಭ ಅಂದುಕೊಂಡಿದ್ದೆ.

ತೀರ್ಥಹಳ್ಳಿ ಕಡೆಯ ನಮ್ಮಮ್ಮನಿಗೆ ಫೋನಿನಲ್ಲಿ ಇದನ್ನು ವಿವರಿಸೋಕೆ ಹತ್ತು ನಿಮಿಷ ಹಿಡಿಯಿತು. “ಕೆರೆ ಮೇಲೆ ನಡೀತೀಯಾ?” ಅನ್ನೋದರಲ್ಲೇ ಐದು ನಿಮಿಷ ಹೋಯಿತು. ಆಮೇಲೆ ಗುಡಾರದ ಚಿತ್ರ ಕಳಿಸಿದೆ. ನೋಡಿ ಅವಳು ಅಂದಿದ್ದು ಇಷ್ಟೇ: “ಓ, ಗೊರಬು ಅನ್ನು ಮಾರಾಯ್ತಿ!”

ಗೊರಬು ಗೊತ್ತಿಲ್ಲದ ಬೆಂಗಳೂರಿಗರಿಗೆ ಹೇಳ್ತೀನಿ. ಪ್ಲಾಸ್ಟಿಕ್ ಕೊಪ್ಪೆ ಬರುವ ಮೊದಲು ಮಲೆನಾಡಿನಲ್ಲಿ ನಟ್ಟಿ ಮಾಡುವ ಹೆಂಗಸರು ತಲೆಯಿಂದ ಬೆನ್ನಿನ ಮೇಲೆ ಹಾಕಿಕೊಳ್ಳುತ್ತಿದ್ದ ಮಳೆಗೂಡು ಅದು. ಬಿದಿರಿನ ಹೆಣಿಗೆ, ನಡುವೆ ಎಲೆ. ಬಗ್ಗಿದರೆ ಬೆನ್ನು ಪೂರ್ತಿ ಮುಚ್ಚುತ್ತೆ, ಎರಡೂ ಕೈ ಕೆಲಸಕ್ಕೆ ಬಿಡುವಾಗಿರುತ್ತೆ. ಒಬ್ಬರಿಗೆ ಒಂದು, ಹೊತ್ತು ತಿರುಗುವಂಥದ್ದು, ಹಗುರ. ಅಮ್ಮ ಮುಂದಿನ ಪ್ರಶ್ನೆಯನ್ನೂ ಕೇಳಿದಳು: “ಗಾಳಿ ಬಂದ್ರೆ ಎಂತ ಮಾಡ್ತೀಯೇ? ನಾವು ಗಾಳಿಗೆ ಬೆನ್ನು ಕೊಟ್ಟು ನಿಲ್ತಿದ್ವಿ. ಇಲ್ದಿದ್ರೆ ಗೊರಬು ಎತ್ತಿ ಮಗುಚಿ ಹಾಕ್ತಿತ್ತು.”

“ಅದಕ್ಕೆಲ್ಲ ಮೊಳೆ ಕೊಟ್ಟಿರ್ತಾರೆ ಅಮ್ಮ” ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ.

ಅಂಗಡಿಗೆ ಹೋದಾಗ ಮೂರು ದಾರಿ ಕಂಡವು. ಮೊದಲನೆಯದು ಬರೀ ಗಾಳಿ ತಡೆಯುವ ಪರದೆ. ಎರಡು ಕೆಜಿ ಇರಬಹುದು, ಆದರೆ ತಲೆ ಮೇಲೆ ಸೂರಿಲ್ಲ, ಒಳಗೆ ಕತ್ತಲೆ ಇಲ್ಲ, ಅಂದರೆ ನನ್ನ ಹಸಿರು ತೂತು ಇಲ್ಲ.

ಎರಡನೆಯದು ಫ್ಲಿಪ್-ಓವರ್. ಕೆಳಗೆ ಪ್ಲಾಸ್ಟಿಕ್ ಜಾರುಬಂಡಿ, ಅದರೊಳಗೇ ಸೀಟು. ಕೂತು, ಹಿಂದಿನಿಂದ ಬಟ್ಟೆಯ ಕಮಾನನ್ನು ತಲೆ ಮೇಲಿಂದ ಎಳೆದುಕೊಂಡರೆ ಮುಗಿಯಿತು, ಮಗುವಿನ ತಳ್ಳುಗಾಡಿಯ ಚಾವಣಿ ಹಾಗೆ. ಮೊದಲೆಲ್ಲ ಇಲ್ಲಿಯವರು ಮರದ ಗುಡಿಸಲನ್ನು ಕೆರೆ ಮಧ್ಯೆ ನಿಲ್ಲಿಸಿ, ಮೀನು ಬಂದರೂ ಬರದಿದ್ದರೂ ಅಲ್ಲೇ ಕೂರುತ್ತಿದ್ದರು. 1993ರ ‘ಗ್ರಂಪಿ ಓಲ್ಡ್ ಮೆನ್’ ಸಿನಿಮಾದಲ್ಲಿ ಇಬ್ಬರು ಮುದುಕರು ಜಗಳವಾಡೋದು ಅಂಥ ಗುಡಿಸಲುಗಳಲ್ಲೇ. 1980ರ ಸುಮಾರಿಗೆ ಡೇವ್ ಜೆಂಜ್ ಅನ್ನುವ ಮಿನ್ನೆಸೋಟಾದ ಮೀನುಗಾರ ‘ಫಿಶ್ ಟ್ರ್ಯಾಪ್’ ಅನ್ನುವ ಮಡಚುವ ಗುಡಾರ ತಯಾರಿಸಿದ. ಮೀನು ನಿನ್ನ ಹತ್ತಿರ ಬರಲ್ಲ, ನೀನೇ ತೂತಿಂದ ತೂತಿಗೆ ಹೋಗಬೇಕು ಅನ್ನೋದು ಅವನ ಲೆಕ್ಕ. ಫ್ಲಿಪ್-ಓವರ್ ಆ ಲೆಕ್ಕದ ಕೂಸು. ನನಗೂ ಬಹಳ ಇಷ್ಟವಾಯಿತು. ಆದರೆ ಒಬ್ಬರದ್ದೇ ಸುಮಾರು 18 ಕೆಜಿ. ಅದು ಹೋಗಲಿ, ಆ ಜಾರುಬಂಡಿ ಮಡಚಲ್ಲ. ಇಲ್ಲಿ ಮೀನು ಹಿಡಿಯುವವರೆಲ್ಲರ ಹತ್ತಿರ ಪಿಕಪ್ ಟ್ರಕ್ ಇದೆ, ಗ್ಯಾರೇಜ್ ಇದೆ. ನನ್ನ ಹತ್ತಿರ ಇರೋದು ಸಣ್ಣ ಕಾರು, ಮೂರನೇ ಮಹಡಿಯ ಒಂದು ಬೆಡ್‌ರೂಮಿನ ಮನೆ. ಟೇಪು ತಗೊಂಡು ಡಿಕ್ಕಿ ಅಳೆದೆ, ಆಸೆ ಬಿಟ್ಟೆ.

ಮೂರನೆಯದು ಹಬ್ ಮಾದರಿ. ಛತ್ರಿ ಹಾಗೆ. ಫೈಬರ್ ಗ್ಲಾಸ್ ಕಡ್ಡಿಗಳು ನಾಲ್ಕೂ ಗೋಡೆಯ ನಡುವೆ ಒಂದೊಂದು ಗುಂಡಿಯಲ್ಲಿ ಸೇರುತ್ತವೆ, ಗುಂಡಿ ಹಿಡಿದು ಹೊರಗೆಳೆದರೆ ಗೋಡೆ ಫಟ್ ಅಂತ ಉಬ್ಬುತ್ತೆ. ಮಡಚಿದರೆ ಉದ್ದನೆಯ ಚೀಲ. ಹಿಂದಿನ ಸೀಟಿನಲ್ಲಿ ಓರೆಯಾಗಿ ಕೂರುತ್ತೆ, ಹೆಗಲಿಗೆ ಹಾಕಿ ಮೆಟ್ಟಿಲು ಹತ್ತಬಹುದು. ಇದರಲ್ಲೂ ಎರಡು ಥರ. ಒಂದೇ ಪದರದ ಬಟ್ಟೆಯದ್ದು, ಒಳಗೆ ಹತ್ತಿಯಂಥ ಅಸ್ತರು ಕೊಟ್ಟದ್ದು. ಅಸ್ತರು ಇದ್ದರೆ ಬೆಚ್ಚಗೆ, ಉಸಿರಿನ ಆವಿ ಗೋಡೆಗೆ ಹತ್ತಿ ತಲೆ ಮೇಲೆ ತೊಟ್ಟಿಕ್ಕೋದೂ ಕಡಿಮೆ. ಆದರೆ ಮೂರು ನಾಲ್ಕು ಕೆಜಿ ಜಾಸ್ತಿ. ನಾನು ಒಂದೇ ಪದರದ್ದು ತಗೊಂಡೆ. 9 ಕೆಜಿ, 180 ಡಾಲರ್. ಇದ್ದುದರಲ್ಲೇ ಹಗುರ. ಗೆದ್ದೆ ಅನ್ನಿಸಿತು.

ಮನೆಗೆ ಬಂದು ಬಾತ್‌ರೂಮಿನ ತೂಕದ ಯಂತ್ರದ ಮೇಲೆ ಒಂದೊಂದೇ ಸಾಮಾನು ಇಟ್ಟೆ. ಗುಡಾರ 9. ಐಸ್ ಕೊರೆಯುವ ಕೈ ಬೈರಿಗೆ 3. ಹೀಟರ್, ಗ್ಯಾಸ್ ಸಿಲಿಂಡರ್ ಸೇರಿ 5. ಬಕೆಟ್, ಮಡಚುವ ಕುರ್ಚಿ, ಗಾಳ, ಫ್ಲಾಸ್ಕ್, ಐಸ್‌ಗೆ ತಿರುಗಿಸಿ ಹಾಕುವ ಸ್ಕ್ರೂ ಮೊಳೆಗಳು, ಎಲ್ಲ ಎಳೆಯೋಕೆ ಒಂದು ಪ್ಲಾಸ್ಟಿಕ್ ಜಾರುಬಂಡಿ. ಒಟ್ಟು 24 ಕೆಜಿ. ನನ್ನ ತೂಕ 51. ನಾಲ್ಕು ಜನ ಹೋದಾಗ ಒಂದು ಹೀಟರ್, ಒಂದು ಬೈರಿಗೆ ನಾಲ್ವರಿಗೂ ಸಾಕು. ಒಬ್ಬರೇ ಹೋದರೆ ಎಲ್ಲವೂ ಒಬ್ಬರದ್ದೇ. ಅಂಗಡಿಯ ಚೀಟಿಯ ಮೇಲಿನ ತೂಕ ಬರೀ ಮುನ್ನುಡಿ. ಭಾರ ಇಳಿಸೋಣ ಅಂತ ನಾನು ಮಾಡಿದ ಜಾಣತನ ಏನು ಗೊತ್ತಾ? ಆರು ಮೊಳೆ ಕೊಟ್ಟಿದ್ದರು. ನಾಲ್ಕು ಮನೆಯಲ್ಲೇ ಬಿಟ್ಟೆ.

ಮೊದಲ ಶನಿವಾರ. ನಗರದಿಂದ ಪಶ್ಚಿಮಕ್ಕೆ ಅರ್ಧ ಗಂಟೆ ದೂರದ ಸಣ್ಣ ಕೆರೆ. ನಡೆಯೋಕೆ ಕನಿಷ್ಠ 4 ಇಂಚು ಗಟ್ಟಿ, ತಿಳಿ ಐಸ್ ಬೇಕು ಅಂತ ಇಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತೆ. ಹಾಲಿನ ಹಾಗೆ ಬಿಳಿಯಾಗಿದ್ದರೆ ಅದರ ಎರಡು ಪಟ್ಟು. ದಡದಿಂದ ಹೋಗುತ್ತಾ ಮೂರು ಕಡೆ ಕೊರೆದು ಅಳೆದೆ. 6 ಇಂಚು, ತಿಳಿ. ಕೊರಳಲ್ಲಿ ಐಸ್‌ಗೆ ಚುಚ್ಚಿ ಮೇಲೆ ಬರೋ ಎರಡು ಮೊಳೆಹಿಡಿ, ಬೂಟಿಗೆ ಮುಳ್ಳಿನ ಪಟ್ಟಿ, ಎಲ್ಲ ನಿಯಮದ ಪ್ರಕಾರ.

ಚೀಲ ಬಿಚ್ಚಿ, ಗುಂಡಿ ಎಳೆದೆ. ಫಟ್, ಫಟ್. ಗುಡಾರ ಎದ್ದು ನಿಂತಿತು. ಎಷ್ಟು ಚೆನ್ನಾಗಿದೆ ಅಂತ ಎರಡು ಹೆಜ್ಜೆ ಹಿಂದೆ ಸರಿದು ಅಮ್ಮನಿಗೆ ಕಳಿಸೋಕೆ ಫೋಟೋ ತೆಗೆಯುತ್ತಿದ್ದೆ. ಮೊಳೆಗಳು ಇನ್ನೂ ಬಕೆಟ್ಟಿನಲ್ಲಿದ್ದವು. ವಾಯವ್ಯದಿಂದ ಒಂದು ಗಾಳಿ ಬೀಸಿತು ನೋಡಿ.

9 ಕೆಜಿಯ ಬಟ್ಟೆ, ನಾಲ್ಕು ಉಬ್ಬಿದ ಗೋಡೆ, ಕೆಳಗೆ ಕನ್ನಡಿಯಂಥ ಐಸ್. ಅದು ಗುಡಾರ ಅಲ್ಲ, ಹಾಯಿಪಟ. ಒಮ್ಮೆ ಉರುಳಿತು, ಎರಡು ಸಲ ಉರುಳಿತು, ಆಮೇಲೆ ಓಡಿತು. ಅದರ ಹಿಂದೆ ನಾನು. ಬೂಟಿನ ಮುಳ್ಳು ಕರಕರ ಅನ್ನುತ್ತಿತ್ತು. ಇನ್ನೇನು ಸಿಕ್ಕಿತು ಅನ್ನುವಾಗ ಇನ್ನೊಂದು ಉರುಳು. ಎಷ್ಟು ದೂರ ಓಡಿದೆನೋ ಗೊತ್ತಿಲ್ಲ. ತಲೆಯಲ್ಲಿ 180 ಡಾಲರ್ ಬಿಟ್ಟು ಬೇರೇನೂ ಇರಲಿಲ್ಲ.

ಎಡಗಡೆಯಿಂದ ಯಾರೋ ಕೂಗುತ್ತಿದ್ದರು. ಸಹಾಯಕ್ಕೆ ಬರುತ್ತಿದ್ದಾರೆ ಅಂದುಕೊಂಡು ಓಡುತ್ತಲೇ ಇದ್ದೆ. ಆಮೇಲೆ ಮಾತು ಕೇಳಿಸಿತು: “ನಿಲ್ಲು! ಅದು ಹೋಗ್ಲಿ, ನೀನು ನಿಲ್ಲು!”

ನಿಂತೆ. ಗುಡಾರ ಮುಂದೆ ಒಂದಿಷ್ಟು ಜಾರಿ ಜೊಂಡಿನ ಮೆಳೆಗೆ ಸಿಕ್ಕಿಕೊಂಡಿತು.

ಎಪ್ಪತ್ತು ದಾಟಿದ ಅಜ್ಜ. ಕೈಯಲ್ಲಿ ನಮ್ಮೂರ ಹಾರೆಯಂಥದೇ ಒಂದು ಕಬ್ಬಿಣದ ಸಲಾಕೆ. ಬಯ್ಯಲಿಲ್ಲ. ನನ್ನನ್ನು ಹಿಂದೆ ನಿಲ್ಲಿಸಿ, ಒಂದೊಂದು ಹೆಜ್ಜೆಗೂ ಸಲಾಕೆಯಿಂದ ಐಸ್ ಕುಟ್ಟುತ್ತಾ ನಾಲ್ಕಾರು ಮಾರು ಮುಂದೆ ಹೋದರು. ಠಣ್, ಠಣ್, ಠಣ್. ಆಮೇಲೆ ಸದ್ದು ಬದಲಾಯಿತು. ಮುಂದಿನ ಏಟಿಗೆ ಸಲಾಕೆ ಒಳಗೆ ಹೋಯಿತು, ಸುತ್ತ ಕಪ್ಪು ನೀರು ಉಕ್ಕಿತು. ಅದೇ ಹೆಜ್ಜೆಯಲ್ಲಿ ಹಿಂದೆ ಬಂದರು. ಅಲ್ಲಿ ಒಂದು ತೊರೆ ಕೆರೆಗೆ ಸೇರುತ್ತಂತೆ. ಹರಿಯುವ ನೀರಿನ ಮೇಲೆ ಐಸ್ ಗಟ್ಟಿಯಾಗಲ್ಲ, ಜೊಂಡಿನ ಸುತ್ತಲೂ ಅಷ್ಟೇ. ನಾನು ಮೂರು ಕಡೆ ಅಳೆದಿದ್ದು ನಾನು ಕೂರುವ ಜಾಗವನ್ನು. ಓಡಿದ ಜಾಗವನ್ನಲ್ಲ.

ದಡದ ಮೇಲಿನಿಂದ ಸುತ್ತಿ ಹೋಗಿ, ಹಗ್ಗಕ್ಕೆ ಕೊಕ್ಕೆ ಕಟ್ಟಿ ಗುಡಾರ ಎಳೆದುಕೊಂಡೆವು. ಒಂದು ಕಡ್ಡಿ ಮುರಿದಿತ್ತು. ವಾಪಸ್ ಬಂದ ಮೇಲೆ ಅಜ್ಜ ತಮ್ಮ ಮೊಳೆ ಕೊಟ್ಟು, ಹೇಗೆ ನಿಲ್ಲಿಸಬೇಕು ಅಂತ ತೋರಿಸಿದರು. ಮೊದಲು ಗಾಳಿ ಬರುವ ಕಡೆಯ ಮೂಲೆಗೆ ಮೊಳೆ. ಗುಡಾರ ಇನ್ನೂ ಚಪ್ಪಟೆ ಮಲಗಿರುವಾಗಲೇ. ಆಮೇಲೆ ಗಾಳಿ ಕಡೆಯ ಗೋಡೆ ಉಬ್ಬಿಸು. ಆಮೇಲೆ ಉಳಿದ ಮೂಲೆ. ಕೊನೆಗೆ ಲಂಗದ ಅಂಚಿನ ಹಾಗೆ ಹರಡಿರುವ ಕೆಳಗಿನ ಬಟ್ಟೆಯ ಮೇಲೆ ಸುತ್ತಲೂ ಹಿಮ ಗುಡ್ಡೆ ಹಾಕು, ಗಾಳಿಯೂ ನುಗ್ಗಲ್ಲ, ಭಾರವೂ ಆಯಿತು. ಆ ಭಾರವನ್ನು ಹೊತ್ತು ತರಬೇಕಾಗಿಲ್ಲ, ಕೆರೆಯೇ ಕೊಡುತ್ತೆ. ಗಾಳಿಗೆ ಬೆನ್ನು ಕೊಟ್ಟು ನಿಲ್ಲಬೇಕು ಅಂತ ಅಮ್ಮ ಹೇಳಿದ್ದೂ ಇದನ್ನೇ.

ಅವತ್ತು ಒಂದೂ ಮೀನು ಸಿಗಲಿಲ್ಲ. ಮುರಿದ ಕಡ್ಡಿಯ ಸೊಟ್ಟ ಗುಡಾರದೊಳಗೆ ಕೂತು ಹಸಿರು ತೂತು ನೋಡಿದೆ. ಕೈ ನಡುಗುತ್ತಿತ್ತು, ಚಳಿಗಲ್ಲ.

ಅಮ್ಮನಿಗೆ ಎರಡು ವಾರ ಹೇಳಲಿಲ್ಲ. ಆಮೇಲೆ ತಡೆಯಲಾಗದೆ ಹೇಳಿದೆ. ಸ್ವಲ್ಪ ಹೊತ್ತು ಫೋನಿನಲ್ಲಿ ಸದ್ದೇ ಇಲ್ಲ. ಒಬ್ಬಳೇ ಹೋಗಬೇಡ ಅಂತಾಳೆ ಅಂದುಕೊಂಡೆ. “ಎಷ್ಟು ಕೊಟ್ಟಿದ್ದೆ ಅದಕ್ಕೆ?” ಅಂದಳು.

“ಹದಿನೈದು ಸಾವಿರ.”

“ಹದಿನೈದು ಸಾವಿರಕ್ಕೆ ಓಡಿದ್ಯೇನೇ?”

ಈಗ ಯಾರಾದರೂ ಒಬ್ಬರಿಗೆ ಆಗುವ ಹಗುರ ಗುಡಾರ ಯಾವುದು ಒಳ್ಳೇದು ಅಂತ ಕೇಳಿದರೆ ನಾನು ಹೇಳೋದು ಇಷ್ಟು. ಟ್ರಕ್ ಇದ್ದರೆ, ತೂತಿಂದ ತೂತಿಗೆ ಓಡಾಡುವವರಾದರೆ ಫ್ಲಿಪ್-ಓವರ್. ಸಣ್ಣ ಕಾರು, ಮೆಟ್ಟಿಲು ಇದ್ದರೆ ಹಬ್. ಇಡೀ ದಿನ ಕೂರುವವರು ಮೂರು ಕೆಜಿ ಜಾಸ್ತಿಯಾದರೂ ಅಸ್ತರು ಇರುವುದನ್ನೇ ತಗೊಳ್ಳಿ. ಮೂರೇ ಗಂಟೆ ಕೂರುವ ನನ್ನಂಥವರಿಗೆ ಒಂದೇ ಪದರ ಸಾಕು. ಗಾಳಿಕಿಂಡಿ ಎರಡಾದರೂ ಇರಲಿ. ಹೀಟರ್ ಹಚ್ಚಿದಾಗ ಅವನ್ನು ತೆರೆದೇ ಇಡಿ, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಒಬ್ಬರೇ ಇದ್ದಾಗ ಎಬ್ಬಿಸೋಕೆ ಪಕ್ಕದಲ್ಲಿ ಯಾರೂ ಇರಲ್ಲ. ಸಾಮಾನನ್ನೆಲ್ಲ ತೂಗಿ, ಎಲ್ಲಿ ಬೇಕಾದರೂ ಕಡಿಮೆ ಮಾಡಿ, ಮೊಳೆಯಲ್ಲಿ ಮಾತ್ರ ಬೇಡ. ಇಷ್ಟೆಲ್ಲ ಆದ ಮೇಲೂ ಹಾರಿತು ಅಂದರೆ, ಹೋಗಲಿ ಬಿಡಿ.

ಕಡ್ಡಿ ಬದಲಾಯಿಸಿ ಅದೇ ಗುಡಾರ ಇಟ್ಟುಕೊಂಡಿದ್ದೀನಿ. ಈಗ ಆರೂ ಮೊಳೆ ಬರುತ್ತವೆ, ಅಜ್ಜನ ಥರದ್ದೇ ಒಂದು ಸಲಾಕೆಯೂ. 24 ಕೆಜಿ 27 ಆಗಿದೆ. ಯಾವ ಕೆರೆ, ಎಷ್ಟು ಹೊತ್ತಿಗೆ ವಾಪಸ್ ಅಂತ ಪಕ್ಕದ ಮನೆಯವರಿಗೆ ಬರೆದುಕೊಟ್ಟು ಹೋಗ್ತೀನಿ, ಊರಿನಿಂದ ಅಮ್ಮ 911ಕ್ಕೆ ಫೋನ್ ಮಾಡೋಕಾಗಲ್ಲವಲ್ಲ. ಆದರೂ ಅವಳಿಗೂ ಮೆಸೇಜ್ ಹಾಕಬೇಕು ಅನ್ನೋದು ನಮ್ಮಿಬ್ಬರ ಒಪ್ಪಂದ. ಬೆಳಗ್ಗೆ 7ಕ್ಕೆ ನಾನು ಕೆರೆಗಿಳಿಯುವಾಗ ಅಲ್ಲಿ ಸಂಜೆ 6:30. ಆಗ ಒಂದು. ಹನ್ನೊಂದು ಗಂಟೆಗೆ ಕಾರು ಸೇರಿದ ಮೇಲೆ ಇನ್ನೊಂದು. ರಾತ್ರಿ ಒಂಬತ್ತಕ್ಕೆ ದೀಪ ಆರಿಸುವ ಹೆಂಗಸು ಶನಿವಾರ ಮಾತ್ರ ಹತ್ತೂವರೆ ತನಕ ಎದ್ದಿರ್ತಾಳೆ.

ಹೋದ ವಾರ ಮೂರು ಬ್ಲೂಗಿಲ್ ಸಿಕ್ಕವು, ಅಂಗೈಯಗಲದ ಮೀನು. ಫೋಟೋ ಕಳಿಸಿದೆ. ಮೀನಿನ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ. ಫೋಟೋದ ಮೂಲೆಯಲ್ಲಿ ಕಾಣುತ್ತಿದ್ದ ಹಗ್ಗ ನೋಡಿ ಕೇಳಿದಳು: “ಮೊಳೆ ಸರಿಯಾಗಿ ಹೊಡ್ದೀಯಲ್ವಾ?”