ತೂಕದ ಮಾತು

ನನ್ನ ಮೇಜಿನ ಖಾನೆಯಲ್ಲಿ ಅಂಗೈಯಗಲದ ಒಂದು ಉಪಕರಣವಿದೆ. ಮೇಲೆ ಹಿಡಿಕೆ, ನಡುವೆ ಅಂಕಿ ತೋರಿಸುವ ಪುಟ್ಟ ಪರದೆ, ಕೆಳಗೆ ಕೊಕ್ಕೆ. ಪ್ರಯಾಣದ ಪೆಟ್ಟಿಗೆಗಳನ್ನು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಅದು. ಕೊಟ್ಟ ಬೆಲೆ ಮುನ್ನೂರೈವತ್ತು ರೂಪಾಯಿ. ಅದು ನನಗೆ ಕಲಿಸಿದ ಪಾಠವನ್ನು ಬರೆದಿಡಬೇಕೆಂದು ಬಹುದಿನಗಳಿಂದ ಅಂದುಕೊಂಡಿದ್ದೆ. ಅದರೊಳಗೆ ನನ್ನದೊಂದು ತಪ್ಪೊಪ್ಪಿಗೆಯೂ ಇರುವುದರಿಂದ ಮುಂದೂಡುತ್ತಲೇ ಬಂದೆ.

ನನ್ನ ಬಾಲ್ಯದಲ್ಲಿ ನಮ್ಮೂರು ಕಾಪುವಿನಲ್ಲಿ ತೂಗುವುದಕ್ಕಿಂತ ಅಳೆಯುವುದೇ ಹೆಚ್ಚು. ಅಕ್ಕಿಗೆ ಸೇರು, ಹದಿನಾಲ್ಕು ಸೇರಿಗೊಂದು ಕಳಸೆ, ಮೂರು ಕಳಸೆ ಸೇರಿದರೆ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಒಂದು ಮುಡಿ. ಸಮೀಪದ ಶಂಕರಪುರದ ಮಲ್ಲಿಗೆಗೆ ಇಂದಿಗೂ ಕಿಲೋ ಲೆಕ್ಕವಿಲ್ಲ. ಅಲ್ಲಿ ನಾಲ್ಕು ಚೆಂಡಿಗೆ ಒಂದು ಅಟ್ಟೆ. 1958ರ ಅಕ್ಟೋಬರಿನಿಂದ ಮೆಟ್ರಿಕ್ ತೂಕಗಳು ದೇಶದಲ್ಲಿ ಜಾರಿಗೆ ಬರತೊಡಗಿದ ಮೇಲೆ ಅಂಗಡಿಗೆ ಹೋದ ಹಿರಿಯರು ಸೇರು, ಕಿಲೋಗಳ ನಡುವೆ ತಡವರಿಸುತ್ತಿದ್ದುದು ನೆನಪಿದೆ. ಪ್ರಯಾಣದ ಗಂಟಿಗಂತೂ ತೂಕದ ಪ್ರಶ್ನೆಯೇ ಇರಲಿಲ್ಲ. ಹೋಟೆಲು ಕೆಲಸಕ್ಕೆಂದು ಮುಂಬಯಿಗೆ ಹೊರಟವರು ಹೊರಲಾಗುವಷ್ಟನ್ನು ಹೊತ್ತರು. ಉಳಿದದ್ದನ್ನು ಬಸ್ಸಿನ ಮೇಲೆ ಹೇರಿದರು. 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದ ಮೇಲೂ ಉಡುಪಿ ನಿಲ್ದಾಣದಲ್ಲಿ ನನ್ನ ಚೀಲವನ್ನು ಯಾರೂ ತೂಗಿದ್ದಿಲ್ಲ.

ಹೀಗೆ ಬೆಳೆದವನು 2014ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ವಿಮಾನ ಹತ್ತಿದೆ. ಮಗಳು ದುಬಾಯಿಯಲ್ಲಿದ್ದಳು. ಐದು ವರ್ಷದ ಮೊಮ್ಮಗನಿದ್ದ. ಅವಳು ಮತ್ತೆ ಬಸುರಿ. ಫೋನಿನಲ್ಲಿ ಅಮ್ಮನೊಡನೆ ಒಂದೇ ಬೇಡಿಕೆ: ಮಾವಿನ ಮಿಡಿ ಉಪ್ಪಿನಕಾಯಿ. ನನ್ನಾಕೆ ಆ ಬೇಸಿಗೆಯಲ್ಲಿ ಹಾಕಿದ್ದ ಭರಣಿಯಿಂದ ಆರಿಸಿ ಆರಿಸಿ ಒಂದು ದೊಡ್ಡ ಬಾಟಲಿ ತುಂಬಿಸಿ, ಮುಚ್ಚಳಕ್ಕೆ ಬಟ್ಟೆ ಬಿಗಿದು, ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿದ್ದಳು. ಜೊತೆಗೆ ಹಲಸಿನ ಹಪ್ಪಳ, ಒಂದಷ್ಟು ಕುಚ್ಚಲಕ್ಕಿ.

ನಮ್ಮ ಟಿಕೆಟಿಗೆ ತಲಾ 20 ಕಿಲೋ. ನಾನು ಪೆಟ್ಟಿಗೆಗಳನ್ನು ಒಂದೊಂದಾಗಿ ಎತ್ತಿ ನೋಡಿ, "ಇಪ್ಪತ್ತು ದಾಟಲಿಕ್ಕಿಲ್ಲ" ಎಂದು ತೀರ್ಪು ಕೊಟ್ಟೆ. ಮೂವತ್ತು ವರ್ಷ ವಿಜ್ಞಾನ ಕಲಿಸಿದವನ ಮಾತು! ಬಜ್ಪೆಯ ವಿಮಾನ ನಿಲ್ದಾಣದಲ್ಲಿ ಎರಡೂ ಪೆಟ್ಟಿಗೆಗಳು ಸೇರಿ 43 ಕಿಲೋ 400 ಗ್ರಾಂ ತೂಗಿದವು. ಹೆಚ್ಚುವರಿ ತೂಕಕ್ಕೆ ಕೇಳಿದ ಹಣ ನನ್ನ ಪಿಂಚಣಿಗೆ ಹೊಂದುವಂಥದಾಗಿರಲಿಲ್ಲ. ಸಾಲಿನಿಂದ ಪಕ್ಕಕ್ಕೆ ಸರಿದು, ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕುಳಿತೆವು. ಒಳಗಿನ ಬಟ್ಟೆಬರೆಗಳೆಲ್ಲ ಅಪರಿಚಿತರ ಕಣ್ಣಿಗೆ ಬಿದ್ದವು. ನಾಚಿಕೆ ಸಿಟ್ಟಾಗಿ ತಿರುಗಿತು. "ನಿನ್ನ ಈ ಬಾಟಲಿಗಳಿಂದಾಗಿಯೇ ಇಷ್ಟೆಲ್ಲ" ಎಂದು ಹತ್ತು ಜನರಿಗೆ ಕೇಳುವಂತೆ ಗದರಿದೆ. ಅವಳು ಮಾತಾಡಲಿಲ್ಲ. ಉಪ್ಪಿನಕಾಯಿ, ಹಪ್ಪಳ, ಅಕ್ಕಿ ಮೂರನ್ನೂ ತೆಗೆದು, ಹೊರಗೆ ಕಾಯುತ್ತಿದ್ದ ತನ್ನ ತಮ್ಮನ ಕೈಗೆ ಕೊಟ್ಟು ಬಂದಳು.

ದುಬಾಯಿಯ ಮನೆಯಲ್ಲಿ ಕೈಕಾಲು ತೊಳೆಯುವ ಮೊದಲೇ ಮಗಳು ಕೇಳಿದಳು: "ಅಮ್ಮಾ, ಉಪ್ಪಿನಕಾಯಿ?" ನಾನು ತಲೆ ತಗ್ಗಿಸಿದೆ. ನನ್ನಾಕೆ, "ಈ ವರ್ಷದ್ದು ಯಾಕೋ ಕೆಟ್ಟು ಹೋಯಿತು ಮಗಾ" ಎಂದಳು. ಊರಿಗೆ ಮರಳಿದ ಮೇಲೆ ಆ ಬಾಟಲಿಯನ್ನು ಮಳೆಗಾಲವಿಡೀ ಊಟಕ್ಕೆ ಬಡಿಸಿದಳು. ಕೆಟ್ಟಿರಲಿಲ್ಲ.

2017ರಲ್ಲಿ ಮತ್ತೆ ಹೊರಡುವ ಸಂದರ್ಭ ಬಂತು. ಹೊಸ ಪೆಟ್ಟಿಗೆ ನೋಡಲೆಂದು ಮಣಿಪಾಲಕ್ಕೆ ಹೋದೆ. ದೇಶವಿದೇಶಗಳ ವಿದ್ಯಾರ್ಥಿಗಳು ಬಂದು ಹೋಗುವ ಊರಾದ್ದರಿಂದ ಪ್ರಯಾಣದ ಸಾಮಾನಿಗೆ ಅಲ್ಲಿ ಕೊರತೆಯಿಲ್ಲ. ಒಂದು ಅಂಗಡಿಯ ಗಲ್ಲದಲ್ಲಿ ಕುಳಿತಿದ್ದವನು ಎದ್ದು ನಿಂತು ಕಾಲಿಗೆರಗಿದ. ಕಾರ್ಕಳದಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ದ್ರವ್ಯರಾಶಿ ಮತ್ತು ತೂಕದ ಪಾಠ ನಡೆಯುತ್ತಿದ್ದಾಗ, "ಸಾರ್, ನಮ್ಮ ಗೊಮ್ಮಟನನ್ನು ತೂಗುವುದು ಹೇಗೆ?" ಎಂದು ಕೇಳಿ ತರಗತಿಯನ್ನೆಲ್ಲ ನಗಿಸಿದ ಹುಡುಗ. 1432ರಲ್ಲಿ ಪ್ರತಿಷ್ಠೆಗೊಂಡ 42 ಅಡಿಯ ಆ ಏಕಶಿಲಾ ಮೂರ್ತಿಯನ್ನು ಯಾವ ತಕ್ಕಡಿಯೂ ತಾಳದು. ಆದರೆ ಗಾತ್ರವನ್ನು ಅಂದಾಜಿಸಿ, ಅದೇ ಜಾತಿಯ ಕಲ್ಲಿನ ಸಾಂದ್ರತೆಯಿಂದ ಗುಣಿಸಿದರೆ ಉತ್ತರ ಸಿಗುತ್ತದೆ ಎಂದು ಅಂದು ಹೇಳಿದ್ದೆ. ಪೆಟ್ಟಿಗೆಯ ಜೊತೆಗೆ ಈ ತಕ್ಕಡಿಯನ್ನು ನನ್ನ ಕೈಯಲ್ಲಿಟ್ಟು ಅವನು ನಕ್ಕ: "ಸಾರ್, ಇದು ಐವತ್ತು ಕಿಲೋವರೆಗೆ ಮಾತ್ರ. ಗೊಮ್ಮಟನಿಗೆ ಆಗಲಿಕ್ಕಿಲ್ಲ." ಹಣ ಬೇಡವೆಂದ, ಒತ್ತಾಯದಿಂದ ಕೊಟ್ಟು ಬಂದೆ.

ನಾವು ಶಾಲೆಯಲ್ಲಿ ಬಳಸುತ್ತಿದ್ದ ಸ್ಪ್ರಿಂಗ್ ತಕ್ಕಡಿಯ ವಂಶದ್ದೇ ಇದು. ಭಾರ ಹೆಚ್ಚಿದಷ್ಟೂ ಸ್ಪ್ರಿಂಗ್ ಹಿಗ್ಗುತ್ತದೆಂಬ ಹೂಕನ ನಿಯಮ ನಿಮಗೆ ನೆನಪಿರಬಹುದು. ಇದರೊಳಗೆ ಸ್ಪ್ರಿಂಗಿನ ಬದಲು ಒಂದು ಲೋಹದ ತುಂಡು. ಭಾರ ಬಿದ್ದಾಗ ಅದು ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಅದಕ್ಕೆ ಅಂಟಿಸಿದ ತೆಳುವಾದ ವಾಹಕದ ವಿದ್ಯುತ್ ರೋಧ ಅದರಿಂದ ತುಸು ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ಮೂಡುತ್ತದೆ.

ಅಂಕಿ ಮೂಡಿದ ಮಾತ್ರಕ್ಕೆ ನಂಬುವುದೆಂತು? ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ! ಖಾಲಿ ಬಕೆಟನ್ನು ತೂಗಿದೆ. ಲೀಟರಿನ ಮಾಪಕದಲ್ಲಿ ಅಳೆದು ಹತ್ತು ಲೀಟರ್ ನೀರು ತುಂಬಿಸಿ ಮತ್ತೆ ತೂಗಿದೆ. ವ್ಯತ್ಯಾಸ 10 ಕಿಲೋ ಇರಬೇಕು. ಮೂರು ಸಲ ತೂಗಿದಾಗ ಬಂದದ್ದು 9.92, 9.96, 9.94. ಪರದೆಯ ಮೇಲೆ ಹತ್ತು ಗ್ರಾಮಿನವರೆಗೆ ಅಂಕಿಗಳಿದ್ದರೂ ಅಷ್ಟು ಸೂಕ್ಷ್ಮವಾಗಿ ಅದು ಸತ್ಯ ಹೇಳುತ್ತಿಲ್ಲ ಎಂದಾಯಿತು. ಆದರೂ ನನ್ನ ತೋಳಿಗಿಂತ ಎಷ್ಟೋ ಪಾಲು ಪ್ರಾಮಾಣಿಕ. ವಿಮಾನ ನಿಲ್ದಾಣದಲ್ಲಿ ನಡೆಯುವುದು ಅವರ ತಕ್ಕಡಿಯ ಮಾತೇ. ಆದುದರಿಂದ ಪೆಟ್ಟಿಗೆಗೆ ಅರ್ಧ ಕಿಲೋ ಬಿಟ್ಟುಕೊಳ್ಳುವುದೆಂದು ನಿಶ್ಚಯಿಸಿದೆ.

ಆಮೇಲೆ ಚಪಲ ಹಿಡಿಯಿತು. ಕೊಕ್ಕೆಗೆ ಬಟ್ಟೆಯ ಚೀಲ ಸಿಕ್ಕಿಸಿ ಒಂದೊಂದನ್ನೇ ತೂಗತೊಡಗಿದೆ. ಹಳೆಯ ಪೆಟ್ಟಿಗೆ ಖಾಲಿಯಾಗಿಯೇ 5 ಕಿಲೋ, ಹೊಸದು 3. ಅದೇ ಅಳತೆಯ ಉಪ್ಪಿನಕಾಯಿ ಬಾಟಲಿ 1 ಕಿಲೋ 300 ಗ್ರಾಂ. ಹಪ್ಪಳದ ಕಟ್ಟು ಮುಕ್ಕಾಲು ಕಿಲೋವೂ ಇಲ್ಲ. ಕೊನೆಗೆ ಮೊಮ್ಮಗನಿಗೆಂದು ನಾನು ಕಟ್ಟಿಟ್ಟಿದ್ದ ಪುಸ್ತಕಗಳ ಸರದಿ. ಹಿಂದಿನ ಸಲವೂ ಹೆಚ್ಚುಕಡಿಮೆ ಇಷ್ಟೇ ಪುಸ್ತಕಗಳನ್ನು, ಜೊತೆಗೆ ಒಂದು ದಪ್ಪ ನಿಘಂಟನ್ನೂ ಒಯ್ದಿದ್ದೆ. ಚೀಲ ಎತ್ತಿದೆ. 4 ಕಿಲೋ 200 ಗ್ರಾಂ.

ನಾನು ಅಲ್ಲಿಯೇ ಮಂಚದ ಅಂಚಿನಲ್ಲಿ ಕುಳಿತೆ. ಅಂದು ಹೆಚ್ಚಾಗಿದ್ದದ್ದು 3 ಕಿಲೋ 400 ಗ್ರಾಂ. ನನ್ನ ಪುಸ್ತಕದ ಕಟ್ಟನ್ನು ಮಾತ್ರ ತೆಗೆದಿದ್ದರೆ ಉಪ್ಪಿನಕಾಯಿ, ಹಪ್ಪಳ, ಅಕ್ಕಿ ಎಲ್ಲವೂ ಹೋಗುತ್ತಿದ್ದವು. ಇನ್ನೂ ಕನ್ನಡ ಅಕ್ಷರ ಕಲಿಯದ ಮಗುವಿಗೆ ನಿಘಂಟು ಒಯ್ದು, ಬಸುರಿ ಮಗಳ ಬಯಕೆಯನ್ನು ಬಜ್ಪೆಯಲ್ಲಿ ಬಿಟ್ಟುಬಂದಿದ್ದೆ. ಪುಸ್ತಕವೂ ಭಾರವಿರಬಹುದೆಂದು ಅಂದು ನನಗೆ ಹೊಳೆದೇ ಇರಲಿಲ್ಲ. ನನ್ನದು ಜ್ಞಾನ, ಅವಳದು ಹೊರೆ ಎಂದು ಮನಸ್ಸು ಮೊದಲೇ ತೂಗಿ ಮುಗಿಸಿತ್ತು.

ಅಡುಗೆಮನೆಗೆ ಹೋಗಿ ಅಂಕಿಗಳನ್ನು ಹೇಳಿದೆ. "ಅಂದು ನಾನು ಗದರಿದ್ದು ತಪ್ಪು" ಎಂದೆ. ದಾಂಪತ್ಯದ ನಲವತ್ತು ವರ್ಷಗಳಲ್ಲಿ ಹಾಗೆ ಬಾಯಿಬಿಟ್ಟು ಹೇಳಿದ್ದು ಅದೇ ಮೊದಲಿರಬೇಕು. ಅವಳು ಒಲೆಯಿಂದ ಕಣ್ಣು ತೆಗೆಯದೆಯೇ ಹೇಳಿದಳು: "ನನಗೆ ಅಂದೇ ಗೊತ್ತಿತ್ತು. ಆ ಪೆಟ್ಟಿಗೆಯನ್ನು ಮನೆಯಿಂದ ಕಾರಿನವರೆಗೆ ಎತ್ತಿದವಳು ನಾನಲ್ಲವೇ?"

ಮತ್ತೆ ಯಾಕೆ ಹೇಳಲಿಲ್ಲ ಎಂದೆ. "ಅಷ್ಟು ಜನರ ಎದುರು ನಿಮಗೆ ಹೇಗೆ ಹೇಳುವುದು?" ಎಂದಳು. ಅಷ್ಟು ಜನರ ಎದುರು ನಾನು ಅವಳಿಗೆ ಹೇಳಿದ್ದೆ.

ಅಲ್ಲಿಂದೀಚೆಗೆ ನಮ್ಮಲ್ಲೊಂದು ಪದ್ಧತಿಯಾಗಿದೆ. ಹೊರಡುವ ಹಿಂದಿನ ಸಂಜೆ ಎಲ್ಲವನ್ನೂ ಮಂಚದ ಮೇಲೆ ಹರಡುತ್ತೇವೆ. ಅವಳು ಇಡುತ್ತಾಳೆ, ನಾನು ತೂಗಿ ಅಂಕಿ ಓದುತ್ತೇನೆ. ಯಾವುದನ್ನು ಬಿಡುವುದೆಂಬ ನಿರ್ಧಾರ ಮನೆಯಲ್ಲಿಯೇ, ಫ್ಯಾನಿನ ಕೆಳಗೆ, ಸಾವಧಾನವಾಗಿ ಆಗುತ್ತದೆ. ಮೊದಲು ಉಪ್ಪಿನಕಾಯಿ, ಉಳಿದ ಜಾಗಕ್ಕೆ ಪುಸ್ತಕ.

ಪ್ರಯಾಣಕ್ಕೆ ಹೊರಟವರಿಗೆ ನಾಲ್ಕು ಮಾತು. ತೂಗುವ ಮೊದಲು ಅಂಕಿ ಕಿಲೋದಲ್ಲಿದೆಯೋ ಪೌಂಡಿನಲ್ಲಿದೆಯೋ ನೋಡಿಕೊಳ್ಳಿ. ಒಮ್ಮೆ ನಲವತ್ತೆಂದು ತೋರಿಸಿ ನನ್ನ ಎದೆ ನಡುಗಿಸಿತ್ತು. ಪೆಟ್ಟಿಗೆಯನ್ನು ಜಗ್ಗದೆ, ನಿಧಾನವಾಗಿ ಎತ್ತಿ, ಅಂಕಿ ನಿಲ್ಲುವವರೆಗೆ ಅಲುಗದಂತೆ ಹಿಡಿಯಿರಿ. ನಮ್ಮ ವಯಸ್ಸಿನವರು ಇದನ್ನು ಮಕ್ಕಳಿಗೆ ಬಿಡುವುದೇ ಲೇಸು. ತಕ್ಕಡಿಯನ್ನೂ ಜೊತೆಗೆ ಒಯ್ಯಿರಿ. ಬರುವಾಗ ಖರ್ಜೂರವೂ ತೂಗುತ್ತದೆ. ಇನ್ನು, ದುಬಾಯಿಗೆ ಹೋಗುವವರು ಗಸಗಸೆಯನ್ನು ಮಾತ್ರ ಒಂದು ಚಿಟಿಕೆಯೂ ಒಯ್ಯಬೇಡಿ. ಅಲ್ಲಿ ಅದು ನಿಷಿದ್ಧ. ಆ ತಪ್ಪು ಯಾವ ತಕ್ಕಡಿಗೂ ಕಾಣುವುದಿಲ್ಲ.

2017ರ ಆ ಪ್ರಯಾಣದಲ್ಲಿ ಬಾಟಲಿ ಸುರಕ್ಷಿತವಾಗಿ ತಲುಪಿತು. ಮಗಳು ಮುಚ್ಚಳ ತೆಗೆದು ಮೂಸಿ ನೋಡಿ, "ಈ ಸಲದ್ದು ಕೆಡಲಿಲ್ಲವಾ ಅಮ್ಮಾ?" ಎಂದಳು. ನನ್ನಾಕೆ ನನ್ನ ಮುಖ ನೋಡಿದಳು. ಈ ಬಾರಿ ನಾನೇ ಕುಳಿತು ನಿಜ ಸಂಗತಿಯನ್ನು ಹೇಳಿದೆ.